ಎತ್ತಿ ಕುಡಿದ ನೀರು

ನಮ್ಮ ಮನೆಯಲ್ಲಿ ನೀರನ್ನು ಕಚ್ಚಿ ಕುಡಿಯುವಂತಿಲ್ಲ. ಲೋಟವಾಗಲಿ ಬಾಟಲಿಯಾಗಲಿ, ತುಟಿಗೆ ತಾಗಿಸದೆ ಎತ್ತಿ, ಮೇಲಿನಿಂದ ಬಾಯಿಗೆ ಸುರಿದುಕೊಳ್ಳಬೇಕು. ಮೈಸೂರಿನಲ್ಲಿ ಅಜ್ಜಿ ನನ್ನ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದು ಇದು. ಅಲ್ಲಿಂದ ಆಸ್ಟ್ರೇಲಿಯಾದ ಅಡಿಲೇಡಿಗೆ, ಅಡಿಲೇಡಿನಿಂದ ಪರ್ತಿಗೆ ನನ್ನ ಜೊತೆಯಲ್ಲೇ ಬಂತು. ದೇವರ ಪೂಜೆ ಎಷ್ಟೋ ದಿನ ತಪ್ಪಿದೆ, ಹಬ್ಬಗಳು ವಾರದ ಕೊನೆಗೆ ಮುಂದೂಡಲ್ಪಟ್ಟಿವೆ, ಆದರೆ ಈ ಒಂದು ಅಭ್ಯಾಸ ಮಾತ್ರ ಕೈಗೆ ಅಂಟಿಕೊಂಡಿದೆ.

ಪರ್ತಿನಲ್ಲಿ ನಾವಿದ್ದದ್ದು ಜೂಂಡಲಪ್ ಎಂಬ ಹೊರವಲಯದ ಬಡಾವಣೆಯಲ್ಲಿ. ನನ್ನ ಗಂಡ ಗಣಿಯೊಂದರಲ್ಲಿ ಭೂವಿಜ್ಞಾನಿ. ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಹೀಗಾಗಿ ಮನೆಯ ಯಜಮಾನಿಕೆಯೆಲ್ಲ ನನ್ನದೇ. ವೃದ್ಧರ ಆರೈಕೆ ಮಾಡುವ ಒಂದು ಮನೆಯ ಅಡುಗೆಕೋಣೆಯಲ್ಲಿ ನನಗೆ ಬೆಳಗಿನ ಪಾಳಿ. ಮಧ್ಯಾಹ್ನ ಎರಡಕ್ಕೆಲ್ಲ ಬಿಡುವು. ನಮ್ಮ ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷವೇ ಪಕ್ಕದ ಮನೆಗೆ ಜಪಾನಿನ ಒಂದು ಕುಟುಂಬ ಬಂತು. ತಂದೆಗೆ ಗ್ಯಾಸ್ ಕಂಪನಿಯ ಕೆಲಸ, ದಿನಾ ರೈಲು ಹತ್ತಿ ಪರ್ತ್ ಸಿಟಿಗೆ ಹೋಗುತ್ತಿದ್ದರು. ತಾಯಿ ಒಂದು ಹೂವಿನ ಅಂಗಡಿಗೆ ಸೇರಿಕೊಂಡರು. ಒಬ್ಬಳೇ ಮಗಳು, ನಮ್ಮವಳದೇ ವಯಸ್ಸು, ನಮ್ಮವಳದೇ ತರಗತಿ.

ಆ ತಾಯಿ ಮೊದಲ ಸಲ ನಮ್ಮ ಬಾಗಿಲಿಗೆ ಬಂದಾಗ ಕೈಯಲ್ಲಿ ಬಟ್ಟೆಯಲ್ಲಿ ಗಂಟು ಕಟ್ಟಿದ ಒಂದು ಸಿಹಿತಿಂಡಿಯ ಡಬ್ಬವಿತ್ತು. ಮೂರು ಸಲ ಬಗ್ಗಿ ನಮಸ್ಕರಿಸಿದರು. ನಾನೂ ಗೊತ್ತಾಗದೆ ಮೂರು ಸಲ ಬಗ್ಗಿದೆ. ಶಾಲೆ ಬಿಟ್ಟ ಮೇಲೆ ಸಂಜೆ ಐದೂವರೆಯ ತನಕ ಮಗಳನ್ನು ನೋಡಿಕೊಳ್ಳಲು ಸಾಧ್ಯವೇ ಎಂದು ಬಹಳ ಸಂಕೋಚದಿಂದ ಕೇಳಿದರು. ಅದಕ್ಕೇನು, ನಮ್ಮದೊಂದಿದೆ, ಅದರ ಜೊತೆ ಇನ್ನೊಂದು ಎಂದೆ. ಅಂದಿನಿಂದ ಆರು ವರ್ಷ ಆ ಹುಡುಗಿ ನಮ್ಮ ಮನೆಯಲ್ಲೇ ಬೆಳೆದಳು ಎಂದರೆ ಉತ್ಪ್ರೇಕ್ಷೆಯಲ್ಲ. ನಾನು ಹೆಣ್ಣುಮಕ್ಕಳನ್ನೆಲ್ಲ ಪುಟ್ಟಿ ಎಂದೇ ಕರೆಯುವವಳು. ಅವಳೂ ಪುಟ್ಟಿಯಾದಳು.

ಮೊದಲ ದಿನ ವಿಪರೀತ ಸೆಖೆ. ಮಕ್ಕಳಿಬ್ಬರೂ ಕೆಂಪಗಾಗಿ ಬಂದರು. ಮೇಜಿನ ಮೇಲೆ ಸ್ಟೀಲಿನ ಚೊಂಬಿನಲ್ಲಿ ನೀರಿತ್ತು. ನಮ್ಮವಳು ಚೊಂಬೆತ್ತಿ ಗಟಗಟ ಸುರಿದುಕೊಂಡಳು. ಪುಟ್ಟಿ ಅದನ್ನು ಗಮನವಿಟ್ಟು ನೋಡಿದಳು. ತಾನೂ ಎತ್ತಿದಳು. ನೀರು ಮೂಗಿಗೆ, ಕತ್ತಿಗೆ, ಸಮವಸ್ತ್ರಕ್ಕೆ ಹೋಯಿತು, ಬಾಯಿಗೆ ಮಾತ್ರ ಹೋಗಲಿಲ್ಲ. ಇನ್ನೇನು ಅಳುತ್ತಾಳೆ ಎಂದು ನಾನು ಟವೆಲ್ ತಂದೆ. ಅವಳು ಅಳಲಿಲ್ಲ. ತುಟಿ ಬಿಗಿದು ಸ್ವಲ್ಪ ಹೊತ್ತು ಯೋಚಿಸಿ ಮತ್ತೆ ಎತ್ತಿದಳು. ಮೂರನೇ ಸಲ ನೀರು ಸರಿಯಾದ ದಾರಿ ಹಿಡಿಯಿತು. ಹಠ ಎಂದರೆ ಹೀಗಿರಬೇಕು ಎಂದುಕೊಂಡೆ.

ಯಾಕೆ ಹೀಗೆ ಕುಡಿಯಬೇಕು ಎಂದು ಅವಳು ಕೇಳಿದಾಗ, ಬಾಯಿ ತಾಗಿದರೆ ಎಂಜಲು ಎಂದೆ. ಎಂಜಲು ಎಂದರೇನು ಎಂದು ಕೇಳಿದಳು. ಇಂಗ್ಲಿಷಿನಲ್ಲಿ ಅದಕ್ಕೊಂದು ಪದ ಹುಡುಕುತ್ತಾ ನಿಂತೆ. ಆರು ವರ್ಷದ ನಮ್ಮ ಮಗಳು ನನ್ನ ಸಹಾಯಕ್ಕೆ ಬಂದಳು.

"ಇಟ್ಸ್ ಲೈಕ್ ಜರ್ಮ್ಸ್. ಬಟ್ ದೇವ್ರಿಗೂ ಕಾಣ್ಸತ್ತೆ."

ಪುಟ್ಟಿಗೆ ಇದು ಸಂಪೂರ್ಣ ಅರ್ಥವಾದಂತೆ ಕಂಡಿತು. ಸಂಜೆ ತಾಯಿ ಬಂದಾಗ ಒದ್ದೆ ಬಟ್ಟೆಯಲ್ಲೇ ಚೊಂಬು ಎತ್ತಿ ತೋರಿಸಿದಳು. ಆ ತಾಯಿ ಬಾಯಿಗೆ ಕೈ ಅಡ್ಡ ಹಿಡಿದು ತುಂಬಾ ಹೊತ್ತು ನಕ್ಕರು.

ಈ ಎಂಜಲಿನ ಬಗ್ಗೆ ನನಗೆ ಹೆಮ್ಮೆಯೇನೂ ಇಲ್ಲ ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಪಾತ್ರೆ ತೊಳೆಯಲು ಬರುತ್ತಿದ್ದ ಹೆಂಗಸಿಗೆ ಅಜ್ಜಿ ನೀರು ಕೊಡುತ್ತಿದ್ದ ರೀತಿ ನೆನಪಿದೆ. ಅವಳು ಹಿತ್ತಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬೊಗಸೆ ಒಡ್ಡುತ್ತಿದ್ದಳು, ಅಜ್ಜಿ ಮೇಲಿನಿಂದ ಸುರಿಯುತ್ತಿದ್ದಳು, ಚೊಂಬು ಎಲ್ಲೂ ತಾಗದ ಹಾಗೆ. ಹತ್ತು ವರ್ಷದವಳಿದ್ದಾಗಲೇ ಅದನ್ನು ನೋಡಿ ನನಗೆ ನಾಚಿಕೆಯಾಗುತ್ತಿತ್ತು. ಆದರೆ ತಲೆ ಒಪ್ಪದ್ದನ್ನು ಕೈ ಬಿಡಬೇಕೆಂದೇನೂ ಇಲ್ಲವಲ್ಲ. ಮಗಳಿಗೆ ಜಾತಿ ಗೀತಿ ಏನೂ ಕಲಿಸಲಿಲ್ಲ, ಚೊಂಬು ಎತ್ತುವುದನ್ನು ಮಾತ್ರ ಕಲಿಸಿದೆ.

ಅದೂ ಮನೆಯೊಳಗೆ ಮಾತ್ರ. ಅಡಿಲೇಡಿನಲ್ಲಿ ಗಂಡ ಓದುತ್ತಿದ್ದಾಗ ನಾನು ಒಂದು ಆರೈಕೆಯ ಮನೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ. ಸೇರಿದ ವಾರವೇ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಬಾಟಲಿ ಎತ್ತಿ ನೀರು ಕುಡಿದೆ. ಎದುರಿಗಿದ್ದವಳು ಪಕ್ಕದವಳಿಗೆ ಹೇಳಿದಳು, ನೋಡು, ಹೂವಿನ ಕುಂಡಕ್ಕೆ ಹಾಕಿದ ಹಾಗೆ ತನಗೆ ತಾನೇ ನೀರು ಹಾಕಿಕೊಳ್ಳುತ್ತಿದ್ದಾಳೆ ಎಂದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಕೆಟ್ಟವಳಲ್ಲ, ಮುಂದೆ ನಾನು ಬಸುರಿಯಾದಾಗ ಉಣ್ಣೆಯ ಟೋಪಿ ಹೆಣೆದು ಕೊಟ್ಟವಳು ಅವಳೇ. ಆದರೆ ಮರುದಿನದಿಂದ ನಾನು ಹೊರಗೆ ಕಚ್ಚಿಯೇ ಕುಡಿದೆ. ಯಾರೂ ಮತ್ತೆ ನನ್ನನ್ನು ನೋಡಲಿಲ್ಲ. ಇದನ್ನು ನಾನು ನನ್ನ ಜಾಣತನ ಎಂದೇ ತಿಳಿದಿದ್ದೆ.

ಪರ್ತಿನ ಆ ಆರು ವರ್ಷಗಳು ನನ್ನ ಬದುಕಿನ ಸುಖದ ವರ್ಷಗಳು. ಪುಟ್ಟಿ ಶನಿವಾರ ಜಪಾನೀಸ್ ಶಾಲೆಗೆ ಹೋಗುತ್ತಿದ್ದಳು, ನಮ್ಮವಳು ಭಾನುವಾರ ಕನ್ನಡದ ಕ್ಲಾಸಿಗೆ. ಇಬ್ಬರೂ ಹೋಮ್‌ವರ್ಕ್ ಹರಡಿಕೊಂಡು ನಮ್ಮ ಸೋಫಾದ ಮೇಲೆ ನಿಟ್ಟುಸಿರು ಬಿಡುತ್ತಿದ್ದರು. ಪುಟ್ಟಿಯ ಅಕ್ಷರಗಳು ಚೌಕದೊಳಗೆ ಅಚ್ಚುಕಟ್ಟಾಗಿ ಕೂರುತ್ತಿದ್ದವು. ನಮ್ಮವಳ ಅಆಇಈ ಗೆರೆ ದಾಟಿ ಕುಂಬಳಕಾಯಿಯಷ್ಟು ದಪ್ಪ ಇರುತ್ತಿದ್ದವು. ಪುಟ್ಟಿ ಕನ್ನಡದಲ್ಲಿ ಮೊದಲು ಕಲಿತ ಪದ "ಸಾಕು". ನಾನು ಬಡಿಸುವ ರೀತಿಗೆ ಅದು ಅವಳಿಗೆ ಅತ್ಯಗತ್ಯವಾಗಿತ್ತು. ಆಮೇಲೆ "ಸ್ವಲ್ಪ", ಆಮೇಲೆ "ಖಾರ". ಎಂಜಲು ಮೊದಲೇ ಗೊತ್ತಿತ್ತು. ಉಳಿದದ್ದೆಲ್ಲ ಅಪ್ಪಟ ಆಸ್ಟ್ರೇಲಿಯದ ಇಂಗ್ಲಿಷ್, "ಸೀ ಯು ದಿಸ್ ಆರ್ವೊ, ಆಂಟಿ" ಎಂದು ಬೇಲಿಯಾಚೆಯಿಂದಲೇ ಕೂಗುವಂಥದ್ದು, ಮಧ್ಯಾಹ್ನಕ್ಕೆ ಅಲ್ಲಿ ಆರ್ವೊ ಎನ್ನುತ್ತಾರೆ. ಅವಳ ಇಂಗ್ಲಿಷ್ ಮಾತುಗಳೆಲ್ಲ ನನ್ನ ನೆನಪಿನಲ್ಲಿ ಕನ್ನಡದಲ್ಲೇ ಉಳಿದಿವೆ. ಆದ್ದರಿಂದ ಇಲ್ಲೂ ಹಾಗೆಯೇ ಬರೆಯುತ್ತೇನೆ.

ಆರನೇ ಕ್ಲಾಸಿನ ಕೊನೆಯಲ್ಲಿ ಒಂದು ಮಧ್ಯಾಹ್ನ ಪುಟ್ಟಿ ಬಂದವಳು ಚೊಂಬು ಮುಟ್ಟದೆ ಕುರ್ಚಿಯಲ್ಲಿ ಕೂತಳು.

"ಯಾಕ್ ಪುಟ್ಟಿ, ಮುಖ ಸಪ್ಪಗಿದೆ?"

"ಆಂಟಿ, ಅಪ್ಪಂಗೆ ಟ್ರಾನ್ಸ್‌ಫರ್ ಆಯ್ತು. ನಾವು ವಾಪಸ್ ಹೋಗ್ತಾ ಇದೀವಿ. ಏಪ್ರಿಲಲ್ಲಿ ಅಲ್ಲಿ ಮಿಡ್ಲ್ ಸ್ಕೂಲ್ ಶುರು, ಮೂರು ವರ್ಷದ್ದು."

ನಮ್ಮ ಮಗಳಿಗೆ ಇದು ದಾರಿಯಲ್ಲೇ ಗೊತ್ತಾಗಿತ್ತು. ಅವಳು ಸೋಫಾದಲ್ಲಿ ಮುಖ ಮುಚ್ಚಿಕೊಂಡು ಮಲಗಿದ್ದಳು. ನಾನು ಬಾಯಿಗೆ ಬಂದ ಸಮಾಧಾನ ಹೇಳಿದೆ. ನಿಮ್ಮ ದೇಶವೇ ಅಲ್ಲವೇ, ಅಜ್ಜ ಅಜ್ಜಿ ಇದ್ದಾರೆ, ಭಾಷೆ ಗೊತ್ತಿದೆ, ಇನ್ನೇನು ಭಯ ಎಂದೆ. ಆಗ ಅವಳು ಎರಡು ವರ್ಷದ ಹಿಂದಿನ ಒಂದು ವಿಷಯ ಹೇಳಿದಳು. ರಜೆಗೆ ಹೋಗಿದ್ದಾಗ ಅಜ್ಜಿಯ ಮನೆಯ ಹತ್ತಿರದ ಶಾಲೆಗೆ ಅವಳನ್ನು ಮೂರು ವಾರ ಕಳಿಸಿದ್ದರಂತೆ. ಮಕ್ಕಳು ಸುತ್ತುವರಿದು ಇಂಗ್ಲಿಷಿನಲ್ಲಿ ಏನಾದರೂ ಹೇಳು ಎಂದರಂತೆ, ಮನೆಯಲ್ಲಿ ಕಾಂಗರೂ ಸಾಕಿದ್ದೀರಾ ಎಂದರಂತೆ. ಅದೆಲ್ಲ ತಮಾಷೆಯಾಗಿಯೇ ಇತ್ತು. ಕೊನೆಯ ದಿನ ಒಬ್ಬಳು, ಬೇಕೆಂದು ನೋಯಿಸುವ ಹಾಗಲ್ಲ, ಸುಮ್ಮನೆ ಯೋಚಿಸಿ ನೋಡಿ ಹೇಳಿದಳಂತೆ, ನೀನು ನೋಡಲು ನಮ್ಮ ಹಾಗೆಯೇ ಇದ್ದೀಯ, ಆದರೆ ಎಲ್ಲೋ ಏನೋ ಸರಿಯಿಲ್ಲ ಎಂದು.

"ಮೂರು ವಾರ ಅಂದ್ರೆ ಗೆಸ್ಟ್, ಪರ್ವಾಗಿಲ್ಲ," ಎಂದಳು ಪುಟ್ಟಿ. "ಮೂರು ವರ್ಷಾನೂ ನಾನು ಅವರಿಗೆ ಗೆಸ್ಟಾಗಿಯೇ ಇದ್ಬಿಟ್ರೆ?"

ಹನ್ನೆರಡು ವರ್ಷದ ಹುಡುಗಿ ಕೇಳಿದ ಪ್ರಶ್ನೆ ಅದು. ಹೊರದೇಶದಲ್ಲಿ ಬೆಳೆದು ಮರಳಿದ ಮಕ್ಕಳಿಗೆ ತಮ್ಮಲ್ಲಿ ಒಂದು ಪ್ರತ್ಯೇಕ ಹೆಸರೇ ಇದೆ ಎಂದು ಅವಳ ತಾಯಿ ಹಿಂದೊಮ್ಮೆ ನನಗೆ ಹೇಳಿದ್ದರು. ಬೇರೆ ತಾಯಂದಿರಿಗೆ ಆ ಮಕ್ಕಳನ್ನು ಕಂಡರೆ ಹೊಟ್ಟೆಕಿಚ್ಚಂತೆ, ಇಂಗ್ಲಿಷ್ ಪುಕ್ಕಟೆ ಬಂದಿದೆಯಲ್ಲ ಎಂದು. ಅವರ ಮಕ್ಕಳಿಗೆ ಮಾತ್ರ ಅದು ಜಂಬದಂತೆ ಕಾಣುತ್ತದಂತೆ. ಇದೆಲ್ಲ ನೆನಪಾಗಿ, ಉತ್ತರವಿಲ್ಲದ ಕಡೆ ಉಪದೇಶ ಮಾಡುವ ನನ್ನ ಗುಣಕ್ಕೆ ಸರಿಯಾಗಿ ಅಡಿಲೇಡಿನ ಕಥೆ ಹೇಳಿದೆ. ಹೂವಿನ ಕುಂಡ, ನಗು, ಮರುದಿನದ ನನ್ನ ಜಾಣತನ, ಎಲ್ಲ ಹೇಳಿದೆ.

"ಮೊದ್ಲು ಸುಮ್ನೆ ನೋಡ್ತಿರು ಪುಟ್ಟಿ. ನಾಲ್ಕು ಜನ ಹೇಗಿರ್ತಾರೋ ಹಾಗೇ ಇರು. ಮನೇಲಿ ಹೇಗ್ ಬೇಕಾದ್ರೂ ಇರು, ಹೊರಗೆ ಮಾತ್ರ ಎದ್ದು ಕಾಣ್ಬೇಡ."

ಸೋಫಾದಿಂದ ನಮ್ಮ ಮಗಳು ತಲೆ ಎತ್ತಿದಳು.

"ಅಮ್ಮ, ದಟ್ಸ್ ಟೆರಿಬಲ್ ಅಡ್ವೈಸ್."

"ನಿನ್ನ ಯಾರೇ ಕೇಳಿದ್ರು?" ಎಂದೆ.

ಪುಟ್ಟಿ ನಮ್ಮಿಬ್ಬರ ಜಗಳದಲ್ಲಿ ಸೇರಲಿಲ್ಲ. ಜಪಾನೀಸ್ ಶಾಲೆಯ ಪಾಠವನ್ನು ಚೌಕದೊಳಗೆ ಬರೆದುಕೊಳ್ಳುವ ಹಾಗೆ ನನ್ನ ಮಾತನ್ನು ಮನಸ್ಸಿನಲ್ಲಿ ಬರೆದುಕೊಳ್ಳುತ್ತಿದ್ದುದು ಅವಳ ಮುಖದಲ್ಲೇ ಕಾಣುತ್ತಿತ್ತು. ಆ ಹುಡುಗಿ ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ ಎಂಬುದು ನನಗೆ ಗೊತ್ತಿರಬೇಕಿತ್ತು.

ಅವರು ಹೋದ ಆರು ತಿಂಗಳಿಗೆ ನಾವೂ ಪರ್ತ್ ಬಿಟ್ಟೆವು. ಗಂಡನಿಗೆ ಬ್ರಿಸ್ಬೇನಿನ ಕಚೇರಿಯಲ್ಲಿ ಕೆಲಸವಾಯಿತು. ಸ್ಪ್ರಿಂಗ್‌ಫೀಲ್ಡ್ ಲೇಕ್ಸಿನಲ್ಲಿ ಮನೆ ಮಾಡಿದೆವು. ಇಲ್ಲಿ ಬೀದಿಗೆ ನಾಲ್ಕು ಇಂಡಿಯನ್ ಮನೆಗಳಿವೆ, ಒಗ್ಗರಣೆಯ ವಾಸನೆಗೆ ಕಿಟಕಿ ಮುಚ್ಚಬೇಕಿಲ್ಲ. ಎಷ್ಟೋ ವರ್ಷಗಳ ಮೇಲೆ ಗಂಡ ದಿನವೂ ಮನೆಗೆ ಬರತೊಡಗಿದ್ದು ನನಗೆ ಸಂತೋಷವೂ ಆಯಿತು, ಸ್ವಲ್ಪ ಕಿರಿಕಿರಿಯೂ ಆಯಿತು.

ಬ್ರಿಸ್ಬೇನಿಗೂ ಜಪಾನಿಗೂ ಒಂದೇ ಗಂಟೆಯ ಅಂತರ. ಪರ್ತಿನಲ್ಲಿದ್ದಾಗಲೇ ಶುರುವಾಗಿದ್ದ ಶನಿವಾರದ ವಿಡಿಯೋ ಕಾಲ್ ಇಲ್ಲೂ ಮುಂದುವರಿಯಿತು. ನಾನು ಅಡುಗೆ ಮಾಡುತ್ತಲೇ ಕೇಳಿಸಿಕೊಳ್ಳುತ್ತಿದ್ದೆ. ಮೊದಮೊದಲು ಪುಟ್ಟಿಗೆ ಎಲ್ಲವೂ ಚೆನ್ನಾಗಿತ್ತು. ಶಾಲೆಯಲ್ಲಿ ಮಕ್ಕಳೇ ಕಸ ಗುಡಿಸುತ್ತಾರೆ, ಬಿಳಿ ಟೋಪಿ ಹಾಕಿಕೊಂಡು ಮಕ್ಕಳೇ ಊಟ ಬಡಿಸುತ್ತಾರೆ, ಎಲ್ಲರಿಗೂ ಬಡಿಸಿಯಾದ ಮೇಲೆ ಒಟ್ಟಿಗೆ ತಿನ್ನಲು ಶುರುಮಾಡುತ್ತಾರೆ ಎಂದೆಲ್ಲ ಹೇಳುತ್ತಿದ್ದಳು. ಬಿಸಿಲಿಗೆ ಕಂದು ತಿರುಗಿದ್ದ ಅವಳ ಕೂದಲನ್ನು ನೋಡಿ ಬಣ್ಣ ಹಚ್ಚಿದ್ದೀಯಾ ಎಂದು ಟೀಚರ್ ಮೆತ್ತಗೆ ಕೇಳಿದ್ದನ್ನೂ ನಗುತ್ತಲೇ ಹೇಳಿದಳು. ಆಮೇಲೆ ಅವಳ ವಾಕ್ಯಗಳು ಗಿಡ್ಡವಾದವು. "ಚೆನ್ನಾಗಿದೆ," "ಏನಿಲ್ಲ," "ಹಾಗೇ ಇದೆ."

ಒಂದು ಶನಿವಾರ ಅವಳು ಇಂಗ್ಲಿಷ್ ಪಾಠವೊಂದನ್ನು ಗಟ್ಟಿಯಾಗಿ ಓದುತ್ತಿದ್ದಳು. ಒಂದೊಂದು ಪದವನ್ನೂ ತುಂಡು ಮಾಡಿ, ಕೊನೆಗೆ ಇಲ್ಲದ ಸ್ವರ ಸೇರಿಸಿ, ಎಡವಿ ಎಡವಿ. ಪರ್ತಿನಲ್ಲಿ ಬೇಲಿಯಾಚೆಯಿಂದ ಕೂಗುತ್ತಿದ್ದ ಹುಡುಗಿ ಇವಳೇನಾ ಎನಿಸಿತು. ನಮ್ಮ ಮಗಳು ಕೇಳಿಯೇಬಿಟ್ಟಳು, ಯಾಕೆ ಹೀಗೆ ಓದುತ್ತಿದ್ದೀಯ ಎಂದು. ಪ್ರಾಕ್ಟೀಸ್ ಎಂದಳು. ಏಪ್ರಿಲಿನಲ್ಲಿ ಅವಳು ತನ್ನ ಇಂಗ್ಲಿಷಿನಲ್ಲಿ ಓದಿದಾಗ ತರಗತಿ ಸ್ತಬ್ಧವಾಯಿತಂತೆ. ಹಿಂದಿನಿಂದ ಯಾರೋ "ಓ" ಎಂದು ಉದ್ದಕ್ಕೆ ರಾಗ ಎಳೆದರಂತೆ. ಮುಂದಿನ ವಾರದಿಂದ ಅವರ ಹಾಗೆಯೇ ಓದಿದಳು, ಯಾರೂ ತಿರುಗಿ ನೋಡಲಿಲ್ಲ. ಇನ್ನೊಂದು ದಿನ, ತರಗತಿಯ ಬಾವುಟಕ್ಕೆ ಯಾವ ಬಣ್ಣ ಎಂದು ಚರ್ಚೆ ನಡೆದಾಗ, ಕೈ ಎತ್ತಿ ನನಗೆ ಇದು ಇಷ್ಟವಿಲ್ಲ ಎಂದಿದ್ದಳಂತೆ. ಎಲ್ಲರೂ ನೆಲ ನೋಡಿದರಂತೆ. ಅಂದಿನಿಂದ ಕೈ ಎತ್ತುವುದನ್ನೂ ಬಿಟ್ಟಳು.

"ಯಾಕ್ ಹಾಗ್ ಮಾಡ್ತೀಯ?" ನಮ್ಮವಳಿಗೆ ಸಿಟ್ಟು ಬಂದಿತ್ತು.

"ಆಂಟಿ ಹೇಳಿದ್ರಲ್ಲ," ಎಂದಳು ಪುಟ್ಟಿ.

ಒಲೆಯ ಮುಂದೆ ನಿಂತಿದ್ದ ನನ್ನ ಕೈಯಲ್ಲಿ ಸೌಟು ಹಾಗೇ ನಿಂತಿತು. ಮಗಳು ನನ್ನತ್ತ ತಿರುಗಿ ಒಂದು ನೋಟ ಬೀರಿದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ನಾನು ಫೋನಿನ ಮುಂದೆ ಬಂದು, ಯಾರಾದರೂ ಕಾಡಿಸುತ್ತಾರೇನು ಪುಟ್ಟಿ ಎಂದೆ.

"ಇಲ್ಲ ಆಂಟಿ, ಯಾರೂ ಕೆಟ್ಟವರಲ್ಲ. ಎಲ್ಲರೂ ನನ್ನ ಜೊತೆ ತುಂಬಾ ಮರ್ಯಾದೆಯಿಂದ ಇರ್ತಾರೆ."

ಓರಗೆಯ ಮಕ್ಕಳು ಒಬ್ಬಳಿಗೆ ಮರ್ಯಾದೆ ಕೊಡುತ್ತಿದ್ದಾರೆ ಎಂದರೆ ಅವಳಿಗೆ ಗೆಳತಿಯರಿಲ್ಲ ಎಂದೇ ಅರ್ಥ. ಅತಿಥಿಯಾಗಿಯೇ ಉಳಿದುಬಿಡುತ್ತೇನೇನೋ ಎಂದು ಯಾವುದಕ್ಕೆ ಹೆದರಿದ್ದಳೋ ಅದೇ ಆಗಿತ್ತು, ಅದೂ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದ. ನನಗೆ ನಾಚಿಕೆಯಾಯಿತು. ನಾನು ಹೇಳಿದ್ದು ತಪ್ಪು, ಅದನ್ನು ಮರೆತುಬಿಡು ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಮುಂದಿನ ಶನಿವಾರ ಹೇಳೋಣ ಎಂದುಕೊಂಡೆ, ಆ ಶನಿವಾರ ಅದರ ಮುಂದಿನದಕ್ಕೆ ಮುಂದೂಡಿದೆ. ತಪ್ಪು ಒಪ್ಪಿಕೊಳ್ಳುವ ವಿಷಯದಲ್ಲಿ ದೊಡ್ಡವರಿಗೆ ಎಷ್ಟು ಶನಿವಾರ ಇದ್ದರೂ ಸಾಲದು.

ಹೀಗಿರುವಾಗ ಒಂದು ಗುರುವಾರ ಅವಳ ತಾಯಿಯ ಮೆಸೇಜ್ ಬಂತು. ಅವರ ಇಂಗ್ಲಿಷ್ ಯಾವಾಗಲೂ ಚುಟುಕು. ಇಂದು ಶಾಲೆಯಲ್ಲಿ ನೀರಿನ ಪ್ರಸಂಗ ನಡೆಯಿತು. ಎಲ್ಲರೂ ನೋಡಿದರು. ಶನಿವಾರ ಮಗಳು ನಿಮಗೆ ಹೇಳುತ್ತಾಳೆ. ಇಷ್ಟೇ ಇತ್ತು.

ನೀರು ಎಂದ ಮೇಲೆ ಅದು ನನ್ನ ಚೊಂಬಿನ ನೀರೇ ಎಂದು ತಕ್ಷಣ ಗೊತ್ತಾಯಿತು. ಎಲ್ಲವನ್ನೂ ಮುಚ್ಚಿಟ್ಟುಕೊಂಡು ಹೇಗೋ ಸಾಗುತ್ತಿದ್ದ ಹುಡುಗಿ, ಎಲ್ಲ ಬಿಟ್ಟು ನನ್ನ ಮನೆಯ ಅಭ್ಯಾಸದಿಂದಲೇ ಸಿಕ್ಕಿಬಿದ್ದಳಲ್ಲ ಎಂದು ಸಂಕಟವಾಯಿತು. ಇಲ್ಲಿ ಹೂವಿನ ಕುಂಡ ಎಂದರು, ಅಲ್ಲಿ ಏನೆಂದರೋ. ಕೈಗೆ ಏನಾದರೂ ಕೆಲಸ ಬೇಕೆಂದು ಚಕ್ಕುಲಿ ಹಿಟ್ಟು ಕಲಸಲು ಕೂತೆ, ಎರಡು ಸಲ ಉಪ್ಪು ಹಾಕಿದೆ.

"ನೀರ್ ತಾನೆ, ಬೆಂಕಿ ಅಲ್ವಲ್ಲ. ಬಿಡೇ," ಎಂದು ಗಂಡ ಸಮಾಧಾನ ಮಾಡಿದರು. ಉಪ್ಪುಪ್ಪಾದ ಚಕ್ಕುಲಿಯನ್ನು ದೂರಿಲ್ಲದೆ ತಿಂದರು ಕೂಡ.

ಶನಿವಾರ ಪುಟ್ಟಿಯ ಮುಖ ಫೋನಿನಲ್ಲಿ ಕಂಡಾಗ ಅದು ಅಳುವ ಮುಖವಾಗಿರಲಿಲ್ಲ. ನಡೆದದ್ದನ್ನು ಅವಳು ಹೇಳಿದಂತೆಯೇ ಹೇಳುತ್ತೇನೆ.

ಆಟೋಟದ ದಿನಕ್ಕೆ ತಯಾರಿ ನಡೆದಿತ್ತು. ರಿಲೇ ಓಟ. ಪುಟ್ಟಿ ತನ್ನ ಪಾಲಿನ ಸುತ್ತು ಓಡಿ ಬಂದವಳೇ, ಬಾಯಾರಿ ಕಣ್ಣು ಕತ್ತಲೆ ಬರುತ್ತಿದ್ದುದರಿಂದ, ಏನೂ ಯೋಚಿಸದೆ ತನ್ನ ನೀರಿನ ಫ್ಲಾಸ್ಕ್ ತೆರೆದು, ತಲೆ ಹಿಂದಕ್ಕೆ ಮಾಡಿ, ಎತ್ತಿ ಸುರಿದುಕೊಂಡಳು. ಅರ್ಧ ಫ್ಲಾಸ್ಕ್ ಒಂದೇ ಉಸಿರಿಗೆ. ಇಳಿಸಿ ನೋಡಿದರೆ ಇಡೀ ತರಗತಿ ಅವಳನ್ನೇ ನೋಡುತ್ತಿದೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ನಮ್ಮಲ್ಲಿ ಹೇಳುತ್ತಾರೆ. ಎಷ್ಟು ದಿನ ಒಳಗೇ ಇದ್ದರೂ ಒಂದು ದಿನ ನಾಲ್ಕು ಜನರ ಕಣ್ಣಿಗೆ ಬೀಳಲೇಬೇಕು.

ಒಬ್ಬ ಹುಡುಗ ಕೇಳಿದ, ಆಸ್ಟ್ರೇಲಿಯಾದಲ್ಲಿ ಹೀಗಾ ಕುಡಿಯುವುದು ಎಂದು.

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರ ಲೆಕ್ಕದಲ್ಲಿ ಅವಳು ಹೇಗೂ ಆಸ್ಟ್ರೇಲಿಯಾದ ಹುಡುಗಿ, ಕಾಂಗರೂ, ಸಮುದ್ರ, ಇಂಗ್ಲಿಷ್, ಇದೂ ಒಂದು ಸೇರಿಕೊಳ್ಳುತ್ತಿತ್ತು. ಆದರೆ ಅದು ನಿಜವಲ್ಲವಲ್ಲ. ಪುಟ್ಟಿಗೆ ಸುಳ್ಳು ಹೇಳಲು ಬರುವುದಿಲ್ಲ.

"ಅಲ್ಲ, ಆಸ್ಟ್ರೇಲಿಯಾದಲ್ಲಿ ಯಾರೂ ಹೀಗ್ ಕುಡಿಯಲ್ಲ. ಇದು ಆಂಟಿ ಮನೇಲಿ ಕುಡಿಯೋ ರೀತಿ," ಎಂದಳಂತೆ.

ಯಾವ ಆಂಟಿ ಎಂದರು. ಇಂಡಿಯಾದ ಆಂಟಿ ಎಂದಳು. ನೀನಿದ್ದದ್ದು ಆಸ್ಟ್ರೇಲಿಯಾ ಅಲ್ಲವೇ, ಅಲ್ಲಿ ಇಂಡಿಯಾ ಹೇಗೆ ಬಂತು ಎಂದರು. ಅಷ್ಟು ಹೊತ್ತಿಗೆ ಹುಡುಗಿಯರೆಲ್ಲ ನೆರಳಿನಲ್ಲಿ ಅವಳ ಸುತ್ತ ಕೂತಿದ್ದರು. ಅವಳು ನಮ್ಮ ಮನೆಯ ಬಗ್ಗೆ ಹೇಳಿದಳು. ಸ್ಟೀಲಿನ ಚೊಂಬು, ಸಾಕು ಎಂದರೂ ಬಡಿಸುವ ನಾನು, ಕುಂಬಳಕಾಯಿ ಅಕ್ಷರಗಳ ಗೆಳತಿ, ಬಿಸಿಬೇಳೆಬಾತಿನ ಖಾರಕ್ಕೆ ಮೂಗು ಸೋರಿದ್ದು. ಎಂಜಲಿಗೆ ಜಪಾನೀಸಿನಲ್ಲೂ ಸರಿಯಾದ ಪದ ಸಿಗದೆ ಎಂಜಲು ಎಂದೇ ಹೇಳಿ, ಅದಕ್ಕೆ ನಮ್ಮ ಮಗಳು ಆರು ವರ್ಷದವಳಿದ್ದಾಗಿನ ವ್ಯಾಖ್ಯಾನವನ್ನೇ ಕೊಟ್ಟಳಂತೆ, ದೇವರಿಗೂ ಕಾಣುವ ಕ್ರಿಮಿ ಎಂದು. ಆ ಶಾಲೆಗೆ ಸೇರಿದ ಮೇಲೆ ಅವಳು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲಂತೆ.

ಪಕ್ಕದಲ್ಲಿ ರಿಲೇಯಲ್ಲಿ ಅವಳ ಕೈಗೆ ಕೋಲು ಕೊಟ್ಟ ಹುಡುಗಿ ಕೂತಿದ್ದಳು. ಮುಖವೆಲ್ಲ ಕೆಂಪಗಾಗಿತ್ತು, ಅವಳ ಫ್ಲಾಸ್ಕ್ ಖಾಲಿಯಾಗಿತ್ತು. ಒಬ್ಬರ ಬಾಟಲಿಯಿಂದ ಇನ್ನೊಬ್ಬರು ಕುಡಿಯಬಾರದು ಎನ್ನುವುದು ಆ ಶಾಲೆಯ ನಿಯಮ. ಪುಟ್ಟಿ ಹೋಗಿ ಟೀಚರನ್ನು ಕೇಳಿದಳು, ತುಟಿ ತಾಗದಿದ್ದರೆ ಕೊಡಬಹುದೇ ಎಂದು. ಟೀಚರ್ ಸ್ವಲ್ಪ ಯೋಚಿಸಿ, ತಾಗದಿದ್ದರೆ ಆಗಬಹುದು ಎಂದರು. ಆ ಹುಡುಗಿ ಮರಿಹಕ್ಕಿಯ ಹಾಗೆ ಬಾಯಿ ತೆರೆದು ಕೂತಳು. ಪುಟ್ಟಿ ಸುರಿದಳು. ನೀರು ಮೂಗಿಗೆ ಹೋಯಿತು, ಕೆಮ್ಮು ಬಂತು, ಅಂಗಿ ಒದ್ದೆಯಾಯಿತು. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಆ ಹುಡುಗಿಯೇ ನಕ್ಕಳು. ಆಮೇಲೆ ನಾನು, ನಾನು ಎಂದು ಒಬ್ಬೊಬ್ಬರೇ ತಮ್ಮ ತಮ್ಮ ಫ್ಲಾಸ್ಕ್ ಎತ್ತತೊಡಗಿದರು. ಅಂದು ಒಣಗಿದ ಬಟ್ಟೆಯಲ್ಲಿ ಮನೆಗೆ ಹೋದವರು ಟೀಚರ್ ಒಬ್ಬರೇ.

ಇಷ್ಟು ಹೇಳಿ ಪುಟ್ಟಿ ಫೋನನ್ನು ಮುಖದ ಹತ್ತಿರಕ್ಕೆ ತಂದಳು.

"ಆಂಟಿ, ಸಾರಿ. ನೀವು ಹೊರಗೆ ಎದ್ದು ಕಾಣ್ಬೇಡ ಅಂದಿದ್ರಿ."

ನನಗೆ ಅಳು ಬಂತು. ಅಷ್ಟು ಶನಿವಾರಗಳಿಂದ ಮುಂದೂಡಿದ್ದ ಮಾತು ಆಗ ತಾನಾಗಿಯೇ ಹೊರಬಂತು.

"ನಾನ್ ಹೇಳಿದ್ದೇ ತಪ್ಪು ಪುಟ್ಟಿ. ಹೆದರ್ಕೊಂಡೋಳು ಹೇಳಿದ್ದು ಅದು. ನೀನು ಸಾರಿ ಕೇಳ್ಬೇಡ."

ಹಿಂದಿನಿಂದ ನಮ್ಮ ಮಗಳು "ಟೋಲ್ಡ್ ಯು" ಎಂದಳು. ಈ ಸಲ ನಿನ್ನನ್ನು ಯಾರು ಕೇಳಿದರು ಎನ್ನಲಿಲ್ಲ.

ಆಮೇಲಿನ ಶನಿವಾರಗಳಲ್ಲಿ ಪುಟ್ಟಿಗೆ ಮಾತಾಡಲು ಸಮಯ ಕಡಿಮೆಯಾಗತೊಡಗಿತು. ಗೆಳತಿ ಬಂದಿದ್ದಾಳೆ, ಗೆಳತಿಯ ಜೊತೆ ಹೋಗಬೇಕು. ರಿಲೇಯ ಹುಡುಗಿಯೇ ಆ ಗೆಳತಿ. ನಮ್ಮ ಮಗಳು ಮುಖ ಊದಿಸಿಕೊಳ್ಳುತ್ತಿದ್ದಳು, ನನಗೆ ಮಾತ್ರ ಪರಮ ಸಂತೋಷ. ತರಗತಿಯವರೆಲ್ಲ ರಾತ್ರೋರಾತ್ರಿ ಬದಲಾದರು ಎಂದೇನಲ್ಲ. ಈಗಲೂ ಕೆಲವರು ಅವಳನ್ನು ಆಸ್ಟ್ರೇಲಿಯಾದವಳು ಎಂದೇ ಕರೆಯುತ್ತಾರಂತೆ. ಆದರೆ ಆ ಹೆಸರು ಹಿಡಿದು ಕೂಗಿ, ಬಾ ಇಲ್ಲಿ, ನಮ್ಮ ಪಕ್ಕ ಕೂರು ಎನ್ನುತ್ತಾರಂತೆ. ಅಜ್ಜಿಯ ಹಿತ್ತಲು ನನಗೆ ನೆನಪಾಯಿತು. ಅದೇ ಮೇಲಿನಿಂದ ಸುರಿಯುವ ನೀರು. ಒಬ್ಬಳನ್ನು ದೂರ ಇಡಲು ಅಜ್ಜಿ ಅದನ್ನು ಬಳಸಿದಳು, ಒಬ್ಬಳನ್ನು ಹತ್ತಿರ ಕೂರಿಸಿಕೊಳ್ಳಲು ಈ ಹುಡುಗಿ ಬಳಸಿದಳು. ಅಜ್ಜಿ ಇದ್ದಿದ್ದರೆ ಏನೆನ್ನುತ್ತಿದ್ದಳೋ ಗೊತ್ತಿಲ್ಲ.

ಕಳೆದ ಆಗಸ್ಟಿನಲ್ಲಿ ಪುಟ್ಟಿ ಬ್ರಿಸ್ಬೇನಿಗೆ ಬಂದಳು. ಅವಳ ಶಾಲೆಯ ಮಕ್ಕಳು ಎರಡು ವಾರ ಇಲ್ಲಿನ ಮನೆಗಳಲ್ಲಿ ಉಳಿದುಕೊಂಡು ಇಂಗ್ಲಿಷ್ ಕಲಿಯುವ ಪ್ರವಾಸ ಅದು. ಪುಟ್ಟಿಯನ್ನೂ ಆ ಗೆಳತಿಯನ್ನೂ ಒಂದೇ ಮನೆಯಲ್ಲಿ ಇರಿಸಿದ್ದರು. ಭಾನುವಾರ ಆ ಮನೆಯೊಡತಿಯೇ ಇಬ್ಬರನ್ನೂ ರೈಲಿನಲ್ಲಿ ಸ್ಪ್ರಿಂಗ್‌ಫೀಲ್ಡಿಗೆ ಕರೆದುಕೊಂಡು ಬಂದರು, ಮಕ್ಕಳನ್ನು ಒಂಟಿಯಾಗಿ ಕಳಿಸುವಂತಿಲ್ಲವಂತೆ. ಬಿಳಿ ಕೂದಲಿನ, ಮಾತುಗಾರ ಹೆಂಗಸು. ಪುಟ್ಟಿ ನನಗಿಂತ ಎತ್ತರವಾಗಿದ್ದಳು. ಬಾಗಿಲಲ್ಲೇ ತಬ್ಬಿಕೊಂಡು, "ಆಂಟಿ, ಸ್ವಲ್ಪ ಖಾರ," ಎಂದಳು. ಅಡುಗೆಯ ವಾಸನೆ ಅವಳಿಗೆ ಬೀದಿಯಲ್ಲೇ ಬಂದಿತ್ತು.

ಬಿಸಿಬೇಳೆಬಾತ್ ಮಾಡಿದ್ದೆ. ಗೆಳತಿ ಮೊದಲ ತುತ್ತಿಗೆ ಕಣ್ಣು ತುಂಬಿಕೊಂಡರೂ ತಟ್ಟೆ ಖಾಲಿ ಮಾಡಿದಳು. ನಮ್ಮ ಮಗಳು ಮೊದಲು ಅವಳ ಜೊತೆ ಸ್ವಲ್ಪ ಬಿಗುವಾಗಿಯೇ ಇದ್ದಳು. ಊಟ ಮುಗಿಯುವ ಹೊತ್ತಿಗೆ ಮೂವರೂ ಒಂದೇ ಫೋನಿನೊಳಗೆ ತಲೆ ತೂರಿಸಿ ನಗುತ್ತಿದ್ದರು. ಮನೆಯೊಡತಿಯ ಹತ್ತಿರ ಪುಟ್ಟಿ ಪರ್ತಿನ ತನ್ನ ಹಳೆಯ ಇಂಗ್ಲಿಷಿನಲ್ಲೇ ಸರಾಗವಾಗಿ ಮಾತಾಡಿದಳು. ಶಾಲೆಯ ಗೆಳತಿ ಪಕ್ಕದಲ್ಲೇ ಕೂತಿದ್ದಳು. ಒಂದು ಪದವನ್ನೂ ಮುರಿಯಲಿಲ್ಲ. ನಾನು ಅದನ್ನು ಗಮನಿಸಿದೆ.

ಸಂಜೆ ಅವರನ್ನು ಕಳಿಸಲು ಸ್ಟೇಷನ್ನಿಗೆ ಹೋದೆವು. ರೈಲಿಗೆ ಇನ್ನೂ ಹತ್ತು ನಿಮಿಷವಿತ್ತು. ಪ್ಲಾಟ್‌ಫಾರ್ಮಿನಲ್ಲಿ ಭಾನುವಾರದ ಜನ. ಖಾರ ಇನ್ನೂ ಎಲ್ಲರ ಬಾಯಲ್ಲಿತ್ತು. ಗೆಳತಿ ಚೀಲದಿಂದ ತನ್ನ ಬಾಟಲಿ ತೆಗೆದಳು. ತಲೆ ಹಿಂದಕ್ಕೆ ಮಾಡಿ, ಒಂದು ಗೇಣು ಮೇಲಿನಿಂದ, ನನ್ನ ಅಜ್ಜಿಯೂ ತಪ್ಪು ಹುಡುಕಲಾಗದಷ್ಟು ಚೆನ್ನಾಗಿ ಸುರಿದುಕೊಂಡಳು. ಬಾಟಲಿಯನ್ನು ಪುಟ್ಟಿಗೆ ಕೊಟ್ಟಳು. ಪುಟ್ಟಿ ಕುಡಿದು ನಮ್ಮ ಮಗಳಿಗೆ ಕೊಟ್ಟಳು. ನಮ್ಮವಳು ಕುಡಿದು ನನ್ನ ಕೈಗಿಟ್ಟಳು.

ಮನೆಯೊಡತಿ ಇದನ್ನೆಲ್ಲ ಆಶ್ಚರ್ಯದಿಂದ ನೋಡುತ್ತಿದ್ದರು.

"ಜಪಾನಿನಲ್ಲಿ ಹೀಗೇನಾ ನೀರು ಕುಡಿಯೋದು?" ಎಂದು ಗೆಳತಿಯನ್ನು ಕೇಳಿದರು.

ಆ ಹುಡುಗಿ ತನಗೆ ಬರುವ ಇಂಗ್ಲಿಷನ್ನು ಒಂದೊಂದೇ ಪದವಾಗಿ ಜೋಡಿಸಿಕೊಂಡಳು.

"ಇಲ್ಲ. ಇದು ಆಂಟಿಯ ಮನೆಯ ರೀತಿ." ನನ್ನ ಕಡೆ ಕೈ ತೋರಿಸಿ, ಬಾಟಲಿ ನೋಡಿ, ನಾನು ಹಿಂಜರಿಯುತ್ತಿದ್ದೇನೆ ಎಂದು ತಿಳಿದಳೋ ಏನೋ, ಕನ್ನಡದಲ್ಲೇ ಸೇರಿಸಿದಳು, "ಎಂಜಲ್ ಇಲ್ಲ, ಆಂಟಿ."

ಅವಳು ಮೈಸೂರನ್ನು ಭೂಪಟದಲ್ಲೂ ನೋಡಿರಲಿಕ್ಕಿಲ್ಲ. ಮನೆಯೊಡತಿ ನನ್ನನ್ನು ನೋಡಿದರು. ಬೆಂಚಿನ ಮೇಲಿದ್ದ ಇಬ್ಬರು ನೋಡಿದರು. ನಿಜ ಹೇಳಬೇಕೆಂದರೆ ಬಾಟಲಿ ಆಗಲೇ ನನ್ನ ತುಟಿಯ ಹತ್ತಿರ ಬಂದಿತ್ತು. ಹೊರಗೆ ಕಚ್ಚಿ ಕುಡಿಯಲು ಶುರುಮಾಡಿ ಹದಿನೇಳು ವರ್ಷವಾಗಿತ್ತು, ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಪುಟ್ಟಿ ನನ್ನನ್ನೇ ನೋಡುತ್ತಿದ್ದಳು, ಮೊದಲ ದಿನ ಚೊಂಬನ್ನು ನೋಡಿದ ಹಾಗೆ.

ನಾನು ತಲೆ ಹಿಂದಕ್ಕೆ ಮಾಡಿ ಬಾಟಲಿ ಎತ್ತಿದೆ. ಒಂದು ಹನಿಯೂ ಚೆಲ್ಲಲಿಲ್ಲ.